ಬಡಿತಕ್ಕಿಂತ ಹದ ಮೊದಲು

ಚಾಕು ಮಾಡುವುದನ್ನು ಹವ್ಯಾಸವಾಗಿ ಹಿಡಿಯಬೇಕೆನ್ನುವವರು ಮೊದಲು ವಿಚಾರಿಸುವುದು ಅಡಿಗಲ್ಲು ಎಲ್ಲಿ ಸಿಗುತ್ತದೆ, ಕುಲುಮೆ ಕಟ್ಟಲು ಎಷ್ಟು ಖರ್ಚಾಗುತ್ತದೆ ಎಂದು. ಮೊಬೈಲಿನಲ್ಲಿ ಅವರು ನೋಡಿರುವುದೆಲ್ಲ ಕಿಡಿ ಹಾರುವ ಬಡಿತವೇ ಆದ್ದರಿಂದ ಈ ಪ್ರಶ್ನೆ ಸಹಜ. ಆದರೆ ಎಲ್ಲಮ್ಮನ ಗುಡ್ಡದ ಸೆರಗಿನ ಉಗರಗೋಳದಲ್ಲೋ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಯಾವುದಾದರೂ ಹಳ್ಳಿಯಲ್ಲೋ ಈ ಕೆಲಸ ಶುರು ಮಾಡುವವರು ಎರಡನ್ನೂ ಸದ್ಯಕ್ಕೆ ಬದಿಗಿಡಬೇಕು ಎಂಬುದು ನನ್ನ ವಾದ. ಮೊದಲ ಚಾಕುವನ್ನು ಅರದಿಂದ ಉಜ್ಜಿ ರೂಪಿಸಬೇಕು. ಬೆಂಕಿಯ ಪಾಠವನ್ನು ಊರಿನ ಕಮ್ಮಾರರ ಹತ್ತಿರ, ಅವರ ಸಮಯಕ್ಕೆ ದುಡ್ಡು ಕೊಟ್ಟು ಕಲಿಯಬೇಕು. ಅಲಗಿನ ಯೋಗ್ಯತೆಯನ್ನು ತೀರ್ಮಾನಿಸುವುದು ಅದರ ಹದ. ಹದ ಹಾಕುವ ತಿಳಿವಳಿಕೆ ಇನ್ನೂ ಉಳಿದಿರುವುದು ನಮ್ಮ ಕುಲುಮೆಗಳಲ್ಲಿ.

ಕಬ್ಬಿಣದಲ್ಲಿ ಇಂಗಾಲ ತಕ್ಕಷ್ಟು ಬೆರೆತಾಗ ಅದು ಗಡಸಾಗಬಲ್ಲ ಉಕ್ಕಾಗುತ್ತದೆ. ಗೇಟು, ಗ್ರಿಲ್ಲುಗಳಿಗೆ ಬಳಸುವ ಪಟ್ಟಿಯಲ್ಲಿ ಇಂಗಾಲ ಶೇ. 0.2ರ ಆಸುಪಾಸು. ಅದನ್ನು ಎಷ್ಟು ಕಾಯಿಸಿ, ಎಷ್ಟು ಬಡಿದು, ಯಾವ ಎಣ್ಣೆಯಲ್ಲಿ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬರುವುದಿಲ್ಲ. ಚಾಕುವಿಗೆ ಶೇ. 0.6ರಿಂದ 1ರವರೆಗೆ ಇಂಗಾಲ ಬೇಕು. ಅಂಥ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಇಂಗಾಲವು ಕಬ್ಬಿಣದಲ್ಲಿ ಕರಗಿ ಒಂದಾಗುತ್ತದೆ. ಆ ಗಳಿಗೆಯಲ್ಲಿ ತಟ್ಟನೆ ತಣಿಸಿದರೆ ಅದು ಹೊರಬರಲು ಸಮಯ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ; ಲೋಹದ ಹರಳುಗಳು ಬಿಗಿದುಕೊಂಡು ಅಲಗು ಗಾಜಿನಷ್ಟು ಗಡಸಾಗುತ್ತದೆ, ಗಾಜಿನಂತೆಯೇ ಒಡೆಯುವಂಥದ್ದೂ ಆಗುತ್ತದೆ. ಮತ್ತೆ 200 ಡಿಗ್ರಿಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟಾಗ ಆ ಬಿಗಿತ ಒಂದಿಷ್ಟು ಸಡಿಲುತ್ತದೆ. ಗಡಸು ಸ್ವಲ್ಪ ಕಡಿಮೆಯಾಗಿ ತಾಳಿಕೆ ಬರುತ್ತದೆ. ಚಾಕು ಹುಟ್ಟುವುದು ಈ ಎರಡು ಹೆಜ್ಜೆಗಳಲ್ಲಿ. ಸುತ್ತಿಗೆ ಕೊಡುವುದು ಆಕಾರವನ್ನು ಮಾತ್ರ, ಆಕಾರವನ್ನು ಅರವೂ ಕೊಡಬಲ್ಲದು.

ಇದಕ್ಕೆ ಸಾಕ್ಷಿ ನಮ್ಮ ನೆಲದ ಚರಿತ್ರೆಯಲ್ಲೇ ಇದೆ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನ, ಈ ಭಾಗದ ಜನ ಕ್ರಿ.ಪೂ. 1000ದ ಸುಮಾರಿಗೇ ಕಬ್ಬಿಣ ಬಲ್ಲವರಾಗಿದ್ದರೆಂದು ತೋರಿಸಿತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆ ತುಂಬಿ, ಬಾಯಿ ಮುಚ್ಚಿ, ಕಾಯಿಸಿ ಉಕ್ಕು ತೆಗೆಯುವುದನ್ನು ಕಂಡು ಬರೆದಿಟ್ಟ. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರುವುದೇ ಅದರ ಗುಟ್ಟು. ದಕ್ಷಿಣ ಭಾರತದ ಇಂಥ ಮೂಸೆಯುಕ್ಕು ಯುರೋಪಿಗೆ ಹೋದಾಗ ಅಲ್ಲಿನ ಕಮ್ಮಾರರು ತಮಗೆ ರೂಢಿಯಾದ ಬೆಳ್ಳಗಿನ ಕಾವಿನಲ್ಲಿ ಅದನ್ನು ಬಡಿದರು. ಗಟ್ಟಿ ಸುತ್ತಿಗೆಯ ಕೆಳಗೆ ಅದು ಪುಡಿಪುಡಿಯಾಯಿತು. ಇಂಗಾಲ ಶೇ. 1.5ರಷ್ಟಿರುವ ಉಕ್ಕಿಗೆ ತಗ್ಗಿನ ಕೆಂಪು ಕಾವು ಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ತೋಳಿನ ಬಲ ಇಬ್ಬರಲ್ಲೂ ಇತ್ತು, ವ್ಯತ್ಯಾಸ ಇದ್ದದ್ದು ಕಾವಿನ ಅರಿವಿನಲ್ಲಿ. ವಿದ್ಯುತ್ ವಿಜ್ಞಾನದ ಮೈಕೆಲ್ ಫ್ಯಾರಡೆ, ಅವನೂ ಕಮ್ಮಾರನ ಮಗನೇ, 1819ರಿಂದ 1822ರವರೆಗೆ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಈ ಉಕ್ಕಿನ ಮರ್ಮ ಹುಡುಕಿದ. ಇತ್ತೀಚಿನ ಸಾಕ್ಷಿಯೂ ಉಂಟು. 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ತನ್ನ ಪರೀಕ್ಷೆಯಲ್ಲಿ ಒಂದೇ ಚಾಕುವಿನಿಂದ ತೂಗುವ ಹಗ್ಗ ಕತ್ತರಿಸಲು, ಮರದ ತೊಲೆ ಕಡಿಯಲು, ಆಮೇಲೂ ಕೈಯ ಕೂದಲು ಬೋಳಿಸಲು, ಕೊನೆಗೆ ಅದೇ ಅಲಗನ್ನು 90 ಡಿಗ್ರಿ ಬಗ್ಗಿಸಲು ಹೇಳುತ್ತದೆ. ಹರಿತ, ಬಾಳಿಕೆ, ಬಾಗುವ ಗುಣ ಎಲ್ಲವೂ ಹದದ ಪರೀಕ್ಷೆಗಳೇ.

ಹಾಗಾದರೆ ಹೊಸಬರು ಏನು ಮಾಡಬೇಕು? ಮೊದಲು ಹೆಸರು ಗೊತ್ತಿರುವ ಉಕ್ಕು ತರಬೇಕು. ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದರಿಂದ ಒಳ್ಳೆಯ ಕೊಡಲಿ, ಕುಡಗೋಲು ಆಗುವುದೂ ನಿಜ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದು ಯಾವ ಜಾತಿಯ ಉಕ್ಕೆಂದು ಹೇಳುವವರೂ ಇರುವುದಿಲ್ಲ. ಹಲವು ದಿನ ಉಜ್ಜಿದ ಅಲಗು ಎಣ್ಣೆಯಲ್ಲಿ ಅದ್ದಿದಾಗ ಸೀಳಿದರೆ ತಪ್ಪು ಉಕ್ಕಿನದೋ ಕೈಯದೋ ತಿಳಿಯದು. ತಿಳಿಯದಿದ್ದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮೂರು-ನಾಲ್ಕು ಮಿಲಿಮೀಟರ್ ದಪ್ಪದ, ಗ್ರೇಡು ನಮೂದಿಸಿ ಮಾರುವ ಹೆಚ್ಚು ಇಂಗಾಲದ ಪಟ್ಟಿ ತರುವುದು ಮೇಲು. ರಟ್ಟಿನ ಮೇಲೆ ಆಕಾರ ಬರೆದು ಕತ್ತರಿಸಿ, ಹಿಡಿದು ನೋಡಿ, ಕೈಗೆ ಒಗ್ಗಿದ ಮೇಲೆ ಪಟ್ಟಿಗೆ ಇಳಿಸಬೇಕು. ಲೋಹ ಕೊಯ್ಯುವ ಗರಗಸ, ಒರಟು ಅರ ಒಂದು, ನಯದ ಅರ ಒಂದು, ಬಿಗಿಹಿಡಿಯಲು ಒಂದು ವೈಸು ಸಾಕು. ಹಿಡಿಕೆಯ ತೂತುಗಳನ್ನು ಈಗಲೇ ಕೊರೆಯಬೇಕು, ಗಡಸಾದ ಮೇಲೆ ಡ್ರಿಲ್ ಇಳಿಯುವುದಿಲ್ಲ. ಬಾಯನ್ನು ಪೂರ್ತಿ ತೆಳುವಾಗಿಸದೆ ಒಂದು ಮಿಲಿಮೀಟರ್‌ನಷ್ಟು ದಪ್ಪ ಬಿಡಬೇಕು, ಇಲ್ಲದಿದ್ದರೆ ತಣಿಸುವಾಗ ಸೊಟ್ಟಗಾಗುತ್ತದೆ. ಅರದ ಕೆಲಸ ನಿಧಾನ, ನಿಜ. ಆದರೆ ಆ ನಿಧಾನದಲ್ಲೇ ಬೆನ್ನಿನಿಂದ ಬಾಯಿವರೆಗಿನ ಇಳಿಜಾರು ಕೈಗೆ ಅರ್ಥವಾಗುವುದು. ಗ್ರೈಂಡರ್ ಹಿಡಿದ ಹೊಸಬರು ಕ್ಷಣದಲ್ಲಿ ಕಳೆದುಕೊಂಡ ಲೋಹವನ್ನು ಮತ್ತೆ ಅಂಟಿಸಲಾರರು.

ಇನ್ನು ಬೆಂಕಿ. ಕುಲುಮೆಯ ಜಾಗ ಮಬ್ಬಾಗಿದ್ದರೆ ಒಳ್ಳೆಯದು, ಕಾದ ಲೋಹದ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಸಿಗುವುದಿಲ್ಲ. ಹೊಸಬರಿಗೆ ಒಂದು ಅಯಸ್ಕಾಂತ ಆಸರೆಯಾಗುತ್ತದೆ. 770 ಡಿಗ್ರಿಯ ಸುಮಾರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ತುಸುವೇ ಮೇಲೆ ಹೋಗಿ, ಇಡೀ ಅಲಗು ಒಂದೇ ಬಣ್ಣಕ್ಕೆ ಬಂದಾಗ, ಸ್ವಲ್ಪ ಬೆಚ್ಚಗೆ ಮಾಡಿಟ್ಟ ಎಣ್ಣೆಗೆ ನೇರವಾಗಿ ಇಳಿಸಬೇಕು. ನಮ್ಮಲ್ಲಿ ಸುಲಭವಾಗಿ ಸಿಗುವ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ತೆಳುವಾದ ಅಲಗಿಗೆ ಸಾಕಾಗುತ್ತದೆ. ತಣಿದ ಅಲಗಿನ ಮೇಲೆ ಅರ ಕಚ್ಚದೆ ಜಾರಿದರೆ ಗಡಸು ಬಂದಿದೆ ಎಂದರ್ಥ. ತಡಮಾಡದೆ ಕೇಕು ಬೇಯಿಸುವ ವಿದ್ಯುತ್ ಒಲೆಯಲ್ಲಿ 200 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟರೆ, ಉಜ್ಜಿದ ಲೋಹದ ಮೇಲೆ ಒಣ ಹುಲ್ಲಿನ ತಿಳಿ ಹಳದಿ ಮೂಡುತ್ತದೆ. ಹಳೆಯ ಪದ್ಧತಿಯ ಕಮ್ಮಾರರಿಗೆ ಈ ಒಲೆಯೂ ಬೇಡ. ಬಾಯಿಯಷ್ಟನ್ನೇ ನೀರಿಗೆ ಮುಟ್ಟಿಸಿ, ಬೆನ್ನಿನಲ್ಲಿ ಉಳಿದ ಶಾಖ ಬಾಯಿಯ ಕಡೆ ಹರಿದು ಬರುವಾಗ ಬಣ್ಣ ಬದಲಾಗುವುದನ್ನು ನೋಡುತ್ತಾ, ತಕ್ಕ ಬಣ್ಣಕ್ಕೆ ಪೂರ್ತಿ ಅದ್ದಿಬಿಡುತ್ತಾರೆ. ಕೆಲವೇ ಕ್ಷಣಗಳ ಈ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು.

ಸಂತೆಯಲ್ಲಿ ಅಗ್ಗದ ಸ್ಟೀಲ್ ಚಾಕು ಸಿಗುವಾಗ ಇಷ್ಟು ಪಾಡು ಏಕೆ ಎಂದು ಕೇಳುವವರಿದ್ದಾರೆ. ಹಣ ಉಳಿಸಲು ಇದನ್ನು ಮಾಡುವುದಾದರೆ ಬೇಡವೇ ಬೇಡ. ಆದರೆ ತಾನೇ ಹದ ಹಾಕಿದ ಚಾಕು ಮೊಂಡಾದರೆ ಮತ್ತೆ ಮಸೆಯುವುದು ಹೇಗೆಂದು ಮಾಡಿದವರಿಗೆ ಗೊತ್ತಿರುತ್ತದೆ, ಹುಣಸೆ, ನಿಂಬೆ ಕೊಯ್ದ ಮೇಲೆ ಒರೆಸಿಡದಿದ್ದರೆ ತುಕ್ಕು ಹಿಡಿಯುವುದೂ ಗೊತ್ತಿರುತ್ತದೆ. ಅಂಥ ಚಾಕು ಕಸಕ್ಕೆ ಹೋಗುವುದಿಲ್ಲ. ಅಪಾಯದ ಮಾತು ಇನ್ನೂ ಗಟ್ಟಿಯಾದದ್ದು. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಬೂಟು ಇಲ್ಲದೆ ಬೆಂಕಿಯ ಹತ್ತಿರ ಹೋಗಬಾರದು. ಸತುವಿನ ಲೇಪವಿರುವ ಪೈಪು, ತಗಡನ್ನು ಕುಲುಮೆಗೆ ಹಾಕಬಾರದು, ಆ ಹೊಗೆ ವಿಷ. ಕಣಕಿ ಬಣವೆಯ ಸಮೀಪ ಬೆಂಕಿ ಹಚ್ಚಬಾರದು, ಎಣ್ಣೆಯ ಪಾತ್ರೆ ಲೋಹದ್ದೇ ಆಗಿರಬೇಕು, ಅದರ ಮುಚ್ಚಳ ಕೈಗೆಟುಕುವಲ್ಲಿ ಇರಬೇಕು. ಕಾನೂನಿನ ಅಂಜಿಕೆಯೂ ಕೆಲವರಿಗೆ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ; ಮನೆಬಳಕೆಗೆ, ಬೇಸಾಯಕ್ಕೆ ಮಾಡಿದವನ್ನು ಹೊರಗಿಡುತ್ತವೆ. ಆದ್ದರಿಂದ ನಾಲ್ಕೈದು ಅಂಗುಲದ ತರಕಾರಿ ಚಾಕುವೇ ಮೊದಲ ಕೆಲಸವಾಗಲಿ. ಕಿತ್ತೂರಿನ ಕತ್ತಿಗಳ ಮೇಲೆ ಅಭಿಮಾನ ಇರಲಿ, ಖಡ್ಗ, ಕಠಾರಿ ಮಾಡುವ ಹುಮ್ಮಸ್ಸು ಬೇಡ.

ಇದು ಒಂದು ಸಮುದಾಯದ ಅನ್ನದ ಕಸುಬು, ಇತರರು ಅದನ್ನು ಆಟ ಮಾಡಿಕೊಳ್ಳುವುದು ಸರಿಯೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಳ, ಕುಂಟೆಯ ಕುಡ ಹಣಿದು ಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಒಯ್ಯುತ್ತಿದ್ದ ಕಮ್ಮಾರರ ಕೆಲಸವನ್ನು ಟ್ರ್ಯಾಕ್ಟರು, ಕಾರ್ಖಾನೆಯ ಸಾಮಾನು ಕಡಿಮೆ ಮಾಡಿವೆ. ಕಮ್ಮಾರ, ಕಂಬಾರ ಎಂಬ ಅಡ್ಡಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿದಿದ್ದರೂ ಎಷ್ಟೋ ಮನೆಗಳಲ್ಲಿ ತಿದಿ ನಿಂತಿದೆ. ಆ ಅನ್ನಕ್ಕೆ ಹವ್ಯಾಸಿಗಳು ಪೈಪೋಟಿಯಾಗಲಾರರು, ಗಿರಾಕಿಗಳಾಗಬಲ್ಲರು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಉಪಕರಣಗಳಿಗೆ 15,000 ರೂಪಾಯಿಯ ನೆರವಿದೆ. ಉಪಕರಣ ಬಂದ ಮೇಲೆ ಕೆಲಸವೂ ಬರಬೇಕಲ್ಲ. ಅರ್ಧ ದಿನದ ಪಾಠಕ್ಕೆ ನುರಿತ ಕುಶಲಕರ್ಮಿಯ ಕೂಲಿಗೆ ಕಡಿಮೆಯಾಗದಂತೆ ಕೊಟ್ಟು, ಇದ್ದಿಲಿನ ಖರ್ಚು ಬೇರೆಯಾಗಿ ಕೊಡುವುದು ನ್ಯಾಯ. ರೋಹಿಣಿ, ಮೃಗಶಿರ ಮಳೆಗೆ ಮುಂಚೆ ಮತ್ತು ಜೋಳದ ಸುಗ್ಗಿಯ ಹೊತ್ತಿಗೆ ಕುಲುಮೆಯ ಮುಂದೆ ರೈತರು ಸಾಲುಗಟ್ಟುತ್ತಾರೆ. ಆ ದಿನಗಳನ್ನು ಅವರಿಗೇ ಬಿಟ್ಟು, ಅಷ್ಟರಲ್ಲಿ ಮನೆಯಲ್ಲಿ ಜಾಲಿ ಕಟ್ಟಿಗೆಯ ಹಿಡಿಕೆ ಕೆತ್ತಿ ಅಗಸಿ ಎಣ್ಣೆ ಸವರಿ ಒಣಗಲು ಇಡಬಹುದು. ಆ ಎಣ್ಣೆ ಗಟ್ಟಿಯಾಗಲು ಹೇಗೂ ಹಲವು ದಿನ ಬೇಕು.