ಮಡಿ ಬಟ್ಟೆಗೆ ಪರಿಮಳ

ಒಗೆದು ಶುಭ್ರವಾದ ಬಟ್ಟೆಗೆ ನಮ್ಮಲ್ಲಿ ‘ಮಡಿ’ ಎಂದು ಹೆಸರು. ಶುಚಿತ್ವಕ್ಕೂ ಅದೇ ಹೆಸರು. ಪೆಟ್ಟಿಗೆಯ ಮುಚ್ಚಳವನ್ನು ತೆರೆದೊಡನೆ ಲಾವಂಚದ ತಂಪಾದ ಕಂಪು ಬೀರುವ ಮಡಿಯನ್ನು ಉಡುವುದರಲ್ಲಿ ಒಂದು ಸುಖವುಂಟು. ಆದುದರಿಂದ ಒಗೆಯುವ ಪುಡಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಗೃಹಿಣಿಯರು ಅದಕ್ಕೆ ಸುವಾಸನೆಯನ್ನೂ ಸೇರಿಸಬಯಸುವುದು ಸಹಜವೇ. ಆದರೆ ಎಷ್ಟು ಅತ್ತರನ್ನು ಬೆರೆಸಿದರೂ ಬಟ್ಟೆ ಒಣಗುವ ಹೊತ್ತಿಗೆ ಕಂಪು ಮಾಯವಾಗುವುದೆಂಬುದು ಅನೇಕರ ದೂರು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ವಿಚಾರಿಸೋಣ.

ಜಿಡ್ಡನ್ನು ಬಟ್ಟೆಯಿಂದ ಬಿಡಿಸಿ ನೀರಿಗೆ ಸೇರಿಸುವುದೇ ಸಾಬೂನಿನ ಧರ್ಮ. ಸುಗಂಧಗಳೂ ಬಹುಮಟ್ಟಿಗೆ ಎಣ್ಣೆಯ ಜಾತಿಯವೇ. ಸಾಬೂನಿಗೆ ಇವೆರಡರ ಭೇದವೆಲ್ಲಿಯದು? ಕೊಳೆಯೊಡನೆ ಪರಿಮಳದ ಹೆಚ್ಚಿನ ಪಾಲೂ ಬಚ್ಚಲಿಗೆ ಹರಿದುಹೋಗುವುದು. ಉಳಿದುದನ್ನು ಗಾಳಿ ಒಯ್ಯುವುದು. ನಿಂಬೆ, ಕಿತ್ತಳೆಗಳ ಕಂಪು ಹಗುರ, ಬೇಗನೆ ಆವಿಯಾಗುತ್ತದೆ. ಶ್ರೀಗಂಧ, ಲಾವಂಚಗಳ ಕಂಪು ಭಾರವಾದುದು, ನಿಧಾನವಾಗಿ ಬಿಡುತ್ತದೆ. 1916ರಲ್ಲಿ ಮೈಸೂರು ಸರ್ಕಾರದವರು ಬೆಂಗಳೂರಿನಲ್ಲಿ ಬಟ್ಟಿಯಿಳಿಸಲಾರಂಭಿಸಿದ ಗಂಧದೆಣ್ಣೆಯಂತಹುದಕ್ಕೆ ಸುಗಂಧ ತಯಾರಕರಲ್ಲಿ ಬೆಲೆಯಿರುವುದಕ್ಕೆ ಈ ನಿಲ್ಲುವ ಗುಣವೂ ಒಂದು ಕಾರಣ. ಆದುದರಿಂದ ನೆನಪಿಡಬೇಕಾದ ಸೂತ್ರವಿಷ್ಟೆ: ಪರಿಮಳವನ್ನು ಒಗೆಯುವ ಪುಡಿಗಲ್ಲ, ಒಗೆದ ಬಟ್ಟೆಗೆ ಕೊಡಬೇಕು.

ಅದಕ್ಕೂ ಮೊದಲು ದುರ್ವಾಸನೆ ಹೋಗಬೇಕು. ಮಳೆಗಾಲದಲ್ಲಿ ಅರೆಬರೆ ಒಣಗಿದ ಬಟ್ಟೆಗೆ ಮುಗ್ಗಲು ವಾಸನೆ ಬರುವುದನ್ನು ಎಲ್ಲರೂ ಬಲ್ಲರು. ತೇವದಲ್ಲಿ ಬೆಳೆಯುವ ಮೊರಾಕ್ಸೆಲ್ಲಾ ಎಂಬ ಸೂಕ್ಷ್ಮಜೀವಿಯು ಇದಕ್ಕೆ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಇನ್ನು ಬಾವಿಯ ನೀರು ಗಡಸಾಗಿದ್ದರೆ ಸಾಬೂನು ನೊರೆಯಾಗದೆ ಬಿಳಿಯ ಗಷ್ಟಾಗಿ ನೂಲಿಗೆ ಅಂಟಿಕೊಳ್ಳುತ್ತದೆ; ಅದೂ ಕ್ರಮೇಣ ಕಮಟು ಹಿಡಿಯುತ್ತದೆ. ಇಂತಹ ಬಟ್ಟೆಗೆ ಅತ್ತರು ಹಚ್ಚುವುದು ಕಸದ ಮೇಲೆ ರಂಗವಲ್ಲಿ ಇಟ್ಟಂತೆ. ಹತ್ತಿಯ ಬಟ್ಟೆಗೆ ಸಾಬೂನಿನ ಪುಡಿಯೊಡನೆ ಸ್ವಲ್ಪ ಒಗೆಯುವ ಸೋಡವನ್ನು ಬೆರೆಸಿದರೆ ನೀರು ಮೆದುವಾಗುವುದು. ರೇಷ್ಮೆಗೂ ಉಣ್ಣೆಗೂ ಸೋಡ ಸರ್ವಥಾ ಕೂಡದು. ಅವುಗಳಿಗೆ ಅಂಟುವಾಳವೇ ಉತ್ತಮ. ಹದಿನೈದಿಪ್ಪತ್ತು ಕಾಯಿಗಳ ಬೀಜವನ್ನು ತೆಗೆದು, ಸಿಪ್ಪೆಯನ್ನು ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿಕೊಳ್ಳಬೇಕು. ಈ ನೀರು ಬೇಗನೆ ಹಳಸುವುದರಿಂದ ಬೇಕಾದಷ್ಟನ್ನೇ ಮಾಡತಕ್ಕದ್ದು.

ಈಗ ಪರಿಮಳದ ವಿಷಯ. ಒಂದು ಹಿಡಿ ಲಾವಂಚದ ಬೇರನ್ನು ಮಣ್ಣು ಹೋಗುವಂತೆ ತೊಳೆದು, ಒಂದು ಲೀಟರು ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಸೋಸಿ, ಬಟ್ಟೆಯನ್ನು ಜಾಲಿಸುವ ಕೊನೆಯ ಬಕೀಟು ನೀರಿಗೆ ಸೇರಿಸಬೇಕು. ಬೆಳ್ಳಗಿನ ಬಟ್ಟೆಗೆ ಬಣ್ಣ ಹಿಡಿಯುವುದೋ ಎಂದು ಮೊದಲು ಒಂದು ಮೂಲೆಯಲ್ಲಿ ನೋಡುವುದು ಲೇಸು. ಹಿಂಡಿದ ಬಟ್ಟೆಯನ್ನು ಬಿಸಿಲಿಗೆ ಹರವಬೇಕು. ಬಿಸಿಲಿನ ವಾಸನೆಯೆಂಬುದು ಬರಿಯ ಕಲ್ಪನೆಯಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞರು ಒದ್ದೆಯ ಟವೆಲುಗಳನ್ನು ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಒಣಗಿಸಿ ಪರೀಕ್ಷಿಸಿದರು. ಬಿಸಿಲಿನಲ್ಲಿ ಒಣಗಿದುದರಲ್ಲಿ ಮಾತ್ರ ಸುಗಂಧದ್ರವ್ಯಗಳಲ್ಲಿ ಇರುವಂತಹ ಕೆಲವು ವಸ್ತುಗಳು ಹುಟ್ಟಿದುದನ್ನು 2020ರಲ್ಲಿ ತಿಳಿಸಿದರು. ಕಾಸಿಲ್ಲದೆ ದೊರೆಯುವ ಅತ್ತರಿದು! ಬಣ್ಣದ ಬಟ್ಟೆಯನ್ನೂ ರೇಷ್ಮೆಯನ್ನೂ ಮಾತ್ರ ನೆರಳಿನಲ್ಲಿಯೇ ಒಣಗಿಸಬೇಕು.

ಪೂರ್ತಿ ಒಣಗಿದ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುವಾಗ ಲಾವಂಚದ ಸಣ್ಣ ಕಟ್ಟನ್ನೋ, ಗಂಧದ ಚಕ್ಕೆಯನ್ನೋ, ಒಣಗಿದ ಮೇಲೂ ಕಂಪು ಬಿಡದ ಸುರಗಿಯ ಹೂವನ್ನೋ ತೆಳುವಾದ ಚೀಲದಲ್ಲಿ ಕಟ್ಟಿ ನಡುವೆ ಇಡಬಹುದು. ಗಂಧದೆಣ್ಣೆಯನ್ನು ಬಟ್ಟೆಯ ಮೇಲೆ ನೇರವಾಗಿ ತೊಟ್ಟಿಕ್ಕಬಾರದು, ಕಲೆಯಾಗುವುದು. ಒಂದೆರಡು ಹನಿಯನ್ನು ಹತ್ತಿಯ ಉಂಡೆಗೆ ಹಾಕಿ ಪೆಟ್ಟಿಗೆಯ ಮೂಲೆಯಲ್ಲಿರಿಸಿದರೆ ಸಾಕು.

ಕೊನೆಯದಾಗಿ, ತಾಯಂದಿರು ಅವಶ್ಯವಾಗಿ ಗಮನಿಸಬೇಕಾದ ಒಂದು ಮಾತು. ಹುಟ್ಟುವ ಕೂಸಿಗೆಂದು ಅಜ್ಜಿಯ ಹಳೆಯ ಮೆತ್ತನೆಯ ಸೀರೆಗಳನ್ನು ಪೆಟ್ಟಿಗೆಯಲ್ಲಿ ತೆಗೆದಿರಿಸುವುದು ನಮ್ಮಲ್ಲಿ ರೂಢಿ. ಹುಳು ಹಿಡಿಯದಿರಲೆಂದು ಅದರಲ್ಲಿ ಡಾಂಬರು ಗುಳಿಗೆಯನ್ನು ಹಾಕುವುದೂ ಉಂಟು. ನ್ಯಾಫ್ತಲೀನಿನಿಂದ ಮಾಡಿದ ಈ ಗುಳಿಗೆಯ ವಾಸನೆ ಹಿಡಿದ ಬಟ್ಟೆಯಲ್ಲಿ ಕೂಸನ್ನು ಸುತ್ತುವುದು ಅಪಾಯಕರ. ಜಿ6ಪಿಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುವ ಶಿಶುಗಳಲ್ಲಿ ಈ ಆವಿಯಿಂದ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರಬಹುದು. ಅದು ಮಿದುಳಿಗೂ ಪ್ರಾಣಕ್ಕೂ ಕೇಡು ತರಬಹುದು. ಯಾವ ಶಿಶುವಿಗೆ ಆ ಕೊರತೆಯಿದೆಯೆಂದು ನೋಟದಿಂದ ತಿಳಿಯುವಂತಿಲ್ಲ. ಕರ್ಪೂರವೂ ಮಕ್ಕಳ ಕೈಗೆ ಸಿಕ್ಕಬಾರದು. ಸ್ವಲ್ಪವೇ ನುಂಗಿದರೂ ಸೆಳವು ಬರುವುದುಂಟು. ಎಳೆಯ ಕೂಸಿನ ಬಟ್ಟೆಗೆ ಯಾವ ಸುಗಂಧವೂ ಬೇಡ. ಚೆನ್ನಾಗಿ ಜಾಲಿಸಿ ಬಿಸಿಲಿನಲ್ಲಿ ಒಣಗಿಸಿದ್ದರೆ ಅದಕ್ಕೆ ಅದೇ ಸಾಕು. ಉಬ್ಬಸವಿರುವ ಹಿರಿಯರು ಮನೆಯಲ್ಲಿದ್ದರೆ ಅವರ ಉಡುಪಿಗೂ ಇದೇ ನಿಯಮ.

ಶುಚಿತ್ವವು ಮೊದಲು, ಪರಿಮಳವು ಆಮೇಲೆ. ಈ ಕ್ರಮವನ್ನು ತಪ್ಪದೆ ನಡೆಸುವ ಮನೆಯಲ್ಲಿ ‘ಮಡಿ’ ಎಂಬ ಮಾತಿನ ಎರಡು ಅರ್ಥಗಳೂ ಒಂದೇ ಪೆಟ್ಟಿಗೆಯಲ್ಲಿ ಕೂಡಿರುವುವು.