ಉಳಿಯುವುದು ಹನ್ನೊಂದೇ ದಿನ

ಹಂದಿಯ ಗಬ್ಬಕ್ಕೆ ಮೂರು ತಿಂಗಳು, ಮೂರು ವಾರ, ಮೂರು ದಿನ: ಸುಮಾರು 114 ದಿನ. ಮರಿಗಳಿಗೆ ಹಾಲು ಬಿಡಿಸಲು 56, ತಾಯಿ ಮತ್ತೆ ಬೆದೆಗೆ ಬರಲು ಒಂದು ವಾರ. ಕೂಡಿದರೆ 177. ವರ್ಷಕ್ಕೆ ಎರಡು ಸೂಲು ಎಂದರೆ 354 ದಿನ ಹೋಯಿತು, ಉಳಿಯುವುದು ಹನ್ನೊಂದೇ. ಬೆದೆ 21 ದಿನಕ್ಕೊಮ್ಮೆ ಬಂದು ಎರಡು-ಮೂರು ದಿನ ನಿಲ್ಲುತ್ತದೆ. ಒಂದು ಸಲ ಕಣ್ತಪ್ಪಿದರೆ ಆ ಹನ್ನೊಂದೂ ಕರಗಿ, ಮೇಲೆ ಹತ್ತು ದಿನದ ಸಾಲ. ಹಂದಿ ಮಾತ್ರ ತಿನ್ನುವುದನ್ನು ನಿಲ್ಲಿಸುವುದಿಲ್ಲ.

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಭತ್ತದ ಗದ್ದೆಗಳಿವೆ, ತೌಡಿಗೆ ಬರವಿಲ್ಲ. ಅನಮೋಡ, ಚೋರ್ಲಾ ಘಟ್ಟ ಇಳಿದರೆ ಚೊರಿಸ್, ಸೊರ್ಪೊಟೆಲ್‌ನಂಥ ಹಂದಿಮಾಂಸದ ಖಾದ್ಯ ಮೆಚ್ಚುವ ಗೋವಾ. ಆದರೆ ಇದು ಮಲಪ್ರಭೆ ಹುಟ್ಟುವ ತಾಲ್ಲೂಕು. ಮಳೆ ಹಿಡಿದರೆ ಬಿಡದು. ಆಗತಾನೆ ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಬಿಸಿ ಬೇಕು, ತಾಯಿಗೆ 20ರ ಆಸುಪಾಸು ಹಿತ. ಒಂದೇ ಕೋಣೆಯಲ್ಲಿ ಎರಡು ಋತು! ಮೂಲೆಯಲ್ಲಿ ಒಣಹುಲ್ಲು, ಮೇಲೊಂದು ಬಲ್ಬು ಇಲ್ಲದಿದ್ದರೆ ಚಳಿಗೆ ನಡುಗುವ ಮರಿ ತಾಯಿಯ ಹೊಟ್ಟೆಗೇ ಆತುಕೊಳ್ಳುತ್ತದೆ, ಅವಳು ಮಗ್ಗುಲು ಬದಲಿಸಿದಾಗ ಅಪ್ಪಚ್ಚಿಯಾಗುತ್ತದೆ. ಹಾಲು ಬಿಡುವ ಮೊದಲೇ ಸಾಯುವ ಮರಿಗಳಲ್ಲಿ ಬಹುಪಾಲು ಮೊದಲ ಮೂರು ದಿನದಲ್ಲೇ ಸಾಯುತ್ತವೆ. ಗೋಡೆಯಿಂದ ಗೇಣಷ್ಟು ಬಿಟ್ಟು, ನೆಲದಿಂದ ಗೇಣಷ್ಟು ಎತ್ತರದಲ್ಲಿ ಒಂದು ಪೈಪು ಹಾಯಿಸಿದರೆ ಮರಿ ನುಸುಳಿ ಬದುಕುತ್ತದೆ. ನೆಲಕ್ಕೆ ಇಳಿಜಾರಿಲ್ಲದೆ ತೇವ ನಿಂತರೆ ಮಾತ್ರ ಬದುಕಿದ ಮರಿಗೂ ಭೇದಿ ತಪ್ಪಿದ್ದಲ್ಲ.

ಬೇಸಿಗೆಯ ಪೆಟ್ಟು ಬೇರೆ. ಹಂದಿಗೆ ಬೆವರು ಇಲ್ಲವೆನ್ನುವಷ್ಟು ಕಡಿಮೆ. ಧಗೆಯಲ್ಲಿ ತಾಯಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಗಂಡು ಹಂದಿಯ ವೀರ್ಯವೂ ಸೊರಗುತ್ತದೆ. ಏಪ್ರಿಲ್‌ನಲ್ಲಿ ನೀರು ಚಿಮುಕಿಸದವನ ಗಬ್ಬದ ಲೆಕ್ಕ ಜೂನ್‌ನಲ್ಲಿ ತಪ್ಪುತ್ತದೆ. ಬೈಗುಳ ತಳಿಗೆ ಬೀಳುತ್ತದೆ.

ಬೆಳಗಾವಿ ನಗರದಲ್ಲಿ ಸಮಸ್ಯೆಯೂ ಸಂಪತ್ತೂ ಒಂದೇ: ಖಾನಾವಳಿ, ಕಲ್ಯಾಣ ಮಂಟಪಗಳ ಮುಸುರೆ. ಬೇಯಿಸದೆ ಸುರಿದರೆ ಅದರ ಜತೆ ರೋಗವೂ ಬರುತ್ತದೆ. 2020ರಲ್ಲಿ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರಕ್ಕೆ ನಮ್ಮಲ್ಲಿ ಲಸಿಕೆಯಿಲ್ಲ. ಕುದಿಯುವ ಹಂಡೆ, ಬಾಗಿಲಲ್ಲಿ ಕಾಲು ತೊಳೆಯುವ ತೊಟ್ಟಿ, ಹೊಸ ಹಂದಿಗೆ ಬೇರೆ ದೊಡ್ಡಿ, ಇವೇ ರಕ್ಷೆ. ಬೀದಿಗೆ ಬಿಟ್ಟ ಹಂದಿಯ ಮರಿಗೆ ಮಣ್ಣಿನಿಂದ ಕಬ್ಬಿಣಾಂಶ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಬಯಲು ಶೌಚದ ಜಾಗದಿಂದ ಲಾಡಿಹುಳುವಿನ ಮೊಟ್ಟೆಯೂ ಅದರ ಹೊಟ್ಟೆ ಸೇರುತ್ತದೆ. ಕಟ್ಟಿ ಸಾಕಿದರೆ ಆ ಭಯವಿಲ್ಲ. ಸಿಮೆಂಟು ನೆಲದ ಮರಿಗೆ ಮೂರನೇ ದಿನ ಕಬ್ಬಿಣದ ಇಂಜೆಕ್ಷನ್ ಕೊಟ್ಟರಾಯಿತು, ತಾಯಿಯ ಹಾಲಿನಲ್ಲಿ ಅದು ಸಾಲದು.

ಯಾರ್ಕ್‌ಶೈರ್ ತಳಿಗೆ ದುಡ್ಡು ಸುರಿಯುವ ಮುನ್ನ ಶೆಡ್ಡಿನ ಗೋಡೆಗೆ ಒಂದು ಕ್ಯಾಲೆಂಡರು, ದಾರಕ್ಕೆ ಕಟ್ಟಿದ ಒಂದು ಪೆನ್ಸಿಲು ತೂಗುಹಾಕಿ. ಬೆದೆ ಬಂದ ದಿನಕ್ಕೊಂದು ಗುರುತು, ಮರಿ ಹಾಕಿದ ದಿನಕ್ಕೊಂದು. ಆ ಹನ್ನೊಂದು ದಿನ ಎಲ್ಲಿ ಸೋರಿತು ಎಂಬುದನ್ನು ವರ್ಷದ ಕೊನೆಗೆ ಅದೇ ಹೇಳುತ್ತದೆ.