ರೊಟ್ಟಿಯ ಬಿಳುಪು, ಎರೆಯ ಕಪ್ಪು

ಕ್ಯಾಮೆರಾದ ಹಿಂದಿನ ಪರದೆಯನ್ನು ಅತ್ತೆಯ ಮುಂದೆ ಹಿಡಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಏನವಾ ಇದು, ನನ್ನ ರೊಟ್ಟಿ ಹಿಂಗ ಬೂದಿಬೂದಿ ಯಾಕ ಕಾಣಾಕತ್ತೈತಿ? ಹಿಟ್ಟಿನ್ಯಾಗ ಏನರ ಬೆರತಿತ್ತೇನು?”

ಹಿಟ್ಟಿನಲ್ಲಿ ಏನೂ ಬೆರೆತಿರಲಿಲ್ಲ. ನಮ್ಮ ಹೊಲದ್ದೇ ಹಿಂಗಾರಿ ಬಿಳಿಜೋಳ, ಹಿಂದಿನ ಸಂಜೆಯಷ್ಟೇ ಗಿರಣಿಗೆ ಹಾಕಿಸಿಕೊಂಡು ಬಂದ ಹಿಟ್ಟು. ತಪ್ಪು ನನ್ನದು. ಆ ಹೊತ್ತಿಗಾಗಲೇ ನಾಲ್ಕು ವರ್ಷ ಮದುವೆ, ಕುಬಸ, ತೊಟ್ಟಿಲ ಕಾರ್ಯಗಳ ಫೋಟೋ ತೆಗೆದಿದ್ದೆ. ಮಂಟಪದಲ್ಲಿ ಫ್ಲಾಶ್ ಹಾಕಿ, ಉಳಿದದ್ದನ್ನು ಕ್ಯಾಮೆರಾಕ್ಕೇ ಬಿಟ್ಟು ಕೆಲಸ ಸಾಗಿಸುತ್ತಿದ್ದೆ. ಇರುವ ಬೆಳಕನ್ನೇ ನಂಬಿ ತೆಗೆದ ಮೊದಲ ಚಿತ್ರ ಅಡಿಗೆಮನೆಯದು. ಅದರ ಕೊರತೆಯನ್ನು ಹಿಡಿದವರು ಜೀವನದಲ್ಲಿ ಒಮ್ಮೆಯೂ ಕ್ಯಾಮೆರಾ ಮುಟ್ಟದ ಅತ್ತೆ.

ತಿರ್ಲಾಪುರದ ನಮ್ಮ ಮನೆ ಹಳೆಯ ಮೇಲ್ಮುದ್ದೆಯದು. ಮಣ್ಣಿನ ಮಾಳಿಗೆ, ದಪ್ಪ ಗೋಡೆ. ಅಡಿಗೆಮನೆಗೆ ಕಿಟಕಿ ಇಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ, ಅಷ್ಟೆ. ಬೆಳಿಗ್ಗೆ ಅದರೊಳಗಿಂದ ನೇರ ಬಿಸಿಲು ಬೀಳುವುದಿಲ್ಲ, ಆಕಾಶದ ತಂಪು ಬೆಳಕು ಇಳಿಯುತ್ತದೆ. ಒಲೆ, ಹಂಚು, ಹಿಟ್ಟಿನ ಪರಾತ, ಅತ್ತೆಯ ಎರಡು ಕೈ ಆ ಬೆಳಕಿನೊಳಗೆ, ಉಳಿದದ್ದೆಲ್ಲ ಕತ್ತಲು. ಪಟ್ಟಣದ ಸ್ಟುಡಿಯೋದಲ್ಲಿ ದೊಡ್ಡ ಬಿಳಿ ಬಟ್ಟೆಯ ದೀಪ ಕಟ್ಟಿ ಮಾಡುವ ಕೆಲಸವನ್ನು ನಮ್ಮ ಹಿರಿಯರ ಒಂದು ಕಿಂಡಿ ಮಾಡುತ್ತದೆ.

ರೊಟ್ಟಿ ಬೂದಿಯಾದದ್ದು ಯಾಕೆ? ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮಾಪಕವೊಂದಿದೆ. ಅದಕ್ಕೆ ರೊಟ್ಟಿ ಗೊತ್ತಿಲ್ಲ, ಎರೆಮಣ್ಣೂ ಗೊತ್ತಿಲ್ಲ. ಎದುರಿಗಿರುವುದು ಒಟ್ಟಿನಲ್ಲಿ ನಡುಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತ ತಿರುಗಿ ಕೊಡುವಂಥದ್ದು ಎಂಬ ಲೆಕ್ಕದ ಮೇಲೆ ಅದನ್ನು ಹೊಂದಿಸಿರುತ್ತಾರೆ. ಚೌಕಟ್ಟಿನ ತುಂಬ ಬಿಳಿ ಹಿಟ್ಟು, ಬಿಳಿ ರೊಟ್ಟಿ ಇದ್ದರೆ ‘ಇಲ್ಲಿ ಬೆಳಕು ಹೆಚ್ಚಾಯಿತು’ ಎಂದು ಅದು ಕಡಿಮೆ ಮಾಡುತ್ತದೆ. ಬಿಳಿ ಬೂದಿಯಾಗುತ್ತದೆ. ನಮ್ಮ ಎರೆಹೊಲ ತೋರಿಸಿದರೆ ಉಲ್ಟಾ: ಕಪ್ಪನ್ನು ಕತ್ತಲೆಯೆಂದು ತಿಳಿದು ಬೆಳಗಿಸುತ್ತದೆ, ಮಳೆ ಕುಡಿದು ಕರ್ರಗೆ ಹೊಳೆಯುವ ನೆಲ ಸಿಮೆಂಟಿನಂತೆ ಬರುತ್ತದೆ. ಹೆಚ್ಚು-ಕಡಿಮೆಯ ಗುಂಡಿ ಇರುವುದು ಇದಕ್ಕೇ. ರೊಟ್ಟಿಗೆ ಒಂದು ಮೆಟ್ಟಿಲು ಹೆಚ್ಚು, ಅಂದರೆ ಬೆಳಕು ಎರಡು ಪಟ್ಟು. ಎರೆಗೆ ಒಂದು ಮೆಟ್ಟಿಲು ಕಡಿಮೆ, ಅಂದರೆ ಅರ್ಧ. ಮೊಬೈಲಿನಲ್ಲೂ ಇದು ಆಗುತ್ತದೆ. ಪರದೆಯ ಮೇಲೆ ರೊಟ್ಟಿಯನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಸರಿಸಿದರೆ ಸಾಕು. ನಮ್ಮೂರ ಹುಡುಗಿಯರು ಕಲಿಯಲು ಬಂದರೆ ನಾನು ಮೊದಲು ಕೊಡುವ ಪಾಠ ಇದೇ: ಒಂದು ರೊಟ್ಟಿ, ಒಂದು ಹೊಲ.

ಎರಡನೆಯ ಪಾಠ ಕೈಯದು. ಜೋಳದ ಹಿಟ್ಟಿಗೆ ಗೋದಿಯ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಹಿಟ್ಟು ಒಂದಕ್ಕೊಂದು ಅಂಟುತ್ತದೆ. ಲಟ್ಟಣಿಗೆಗಿಂತ ಅಂಗೈಗೇ ಅದು ಹೆಚ್ಚು ಬಗ್ಗುತ್ತದೆ. ಅಂಗೈ ಬಡಿಯುತ್ತ ಹೋದಂತೆ ರೊಟ್ಟಿ ತಾನೇ ತಿರುಗುತ್ತ ದೊಡ್ಡದಾಗುತ್ತದೆ. ಮೊದಮೊದಲು ಸೆಕೆಂಡಿನ 1/500ರ ವೇಗದಲ್ಲಿ ತೆಗೆದೆ. ಬೆರಳು, ಬಳೆ, ಹಾರಿದ ಹಿಟ್ಟಿನ ಕಣವೂ ನಿಚ್ಚಳ. ಆದರೆ ಅತ್ತೆ ರೊಟ್ಟಿಯ ಮೇಲೆ ಸುಮ್ಮನೆ ಕೈ ಇಟ್ಟುಕೊಂಡು ಕೂತಂತೆ ಕಂಡಿತು. 1/30ಕ್ಕೆ ಇಳಿಸಿದೆ. ಅಂಗೈ ಮಸುಕಾಯಿತು, ರೊಟ್ಟಿಯ ಅಂಚು ತಿರುಗುವ ಗುರುತು ಬಿತ್ತು, ಮೊಣಕೈಯ ಹತ್ತಿರದ ಹಚ್ಚೆ ಮಾತ್ರ ಸ್ಥಿರವಾಗಿ ಉಳಿಯಿತು. ಆ ಚಿತ್ರ ನೋಡಿದರೆ ಸಪ್ಪಳ ಕೇಳುತ್ತದೆ.

ಯಾವಾಗ ಗುಂಡಿ ಒತ್ತಬೇಕೆಂಬುದನ್ನೂ ಆ ಸಪ್ಪಳವೇ ಹೇಳುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿದ ಮೇಲೆ ಒಳಗಿನ ಹಬೆ ಎಲ್ಲೋ ಒಂದು ಮೂಲೆಯಲ್ಲಿ ಮೊದಲು ಗುಳ್ಳೆ ಎಬ್ಬಿಸುತ್ತದೆ. ಪೂರ್ತಿ ಉಬ್ಬಿದ್ದು ಕಂಡ ಮೇಲೆ ಒತ್ತಿದರೆ ತಡ. ಮೊದಲ ಗುಳ್ಳೆಗೇ ಬೆರಳು ಸಿದ್ಧವಾಗಬೇಕು. ದಿನಾ ನಾನು ಬೇಯಿಸುವವಳು, ಅತ್ತೆ ಬಡಿಯುವವರು. ವಾರಕ್ಕೆ ಎರಡು ದಿನ ನೆಗೆಣ್ಣಿ ಹಂಚಿನ ಮುಂದೆ ಕೂತಾಗ ಮಾತ್ರ ನನ್ನ ಕೈಗೆ ಕ್ಯಾಮೆರಾ. ಉಳಿದ ದಿನ ಕಣ್ಣಿನಿಂದಲೇ ತೆಗೆಯುತ್ತೇನೆ. ಎಣ್ಣೆಗಾಯಿಯ ಮೇಲೆ ಎಣ್ಣೆ ಬಿಡುವ ಕ್ಷಣ, ಗುರೆಳ್ಳು ಹುರಿದಾಗ ಏಳುವ ಹೊಗೆ ಕಿಂಡಿಯ ಬೆಳಕಿನಲ್ಲಿ ಕಂಬವಾಗಿ ನಿಲ್ಲುವುದು.

ಧಾರವಾಡ ಸೀಮೆಯ ಹಳೆಯ ಫೋಟೋಗಳೆಂದರೆ ಗುಡಿಗಳವು. ಡಾಕ್ಟರ್ ಪಿಗೌ, ಎ. ಸಿ. ಬಿ. ನೀಲ್, ಕರ್ನಲ್ ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು: ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅದಕ್ಕೆ ಬರಹ ಕೊಟ್ಟರು. ಆ ಕಾಲದ ಕ್ಯಾಮೆರಾಕ್ಕೆ ಚಿತ್ರ ಹಿಡಿಯಲು ಬಹಳ ಹೊತ್ತು ಬೇಕಿತ್ತು. ಕಲ್ಲು ನಿಂತು ಕೊಡುತ್ತದೆ; ರೊಟ್ಟಿ ಬಡಿಯುವ ಕೈ ನಿಲ್ಲುವುದಿಲ್ಲ. ಆ ಗುಡಿಗಳ ಪಕ್ಕದ ಮನೆಗಳಲ್ಲಿ ಅಂದು ಒಲೆಯ ಮುಂದೆ ಕೂತಿದ್ದವರ ಮುಖ ನಮಗೆ ಉಳಿದಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಹಾಗೆ ಮನೆಯೊಳಗೇ ದುಡಿಯುವವರು ಇಂದೂ ಇದ್ದಾರೆ: ನವಲಗುಂದದ ಜಮಖಾನೆ ನೇಯುವವರೂ ಹೆಂಗಸರೇ, ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಎಳೆ ಬಡಿಯುತ್ತಾರೆ. ನವಿಲು, ಪಗಡೆ ಹಾಸಿನ ಆ ಜಮಖಾನೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಅಂಥ ಮನೆಯೊಳಗೆ ಕ್ಯಾಮೆರಾ ಹಿಡಿದು ಹೋಗಲು ಮೊದಲು ಮೂರು ಸಲ ಬರಿಗೈಲಿ ಹೋಗಿ ಚಹಾ ಕುಡಿಯಬೇಕು.

ಹುಬ್ಬಳ್ಳಿಯ ಬೀದಿ ನನಗೆ ತೆರೆದದ್ದು ಬಸ್ಸಿನಿಂದ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೂ ಮುಂಚೆ ಕೆಲಸವಿಲ್ಲದೆ ಪಟ್ಟಣಕ್ಕೆ ಹೋಗುವುದೆಂದರೆ ಮನೆಯಲ್ಲಿ ಟಿಕೆಟ್ಟಿನ ಲೆಕ್ಕ ಹೇಳಬೇಕಿತ್ತು. ಶೂನ್ಯ ಟಿಕೆಟ್ ಕೈಗೆ ಬಂದ ಮೇಲೆ ಶುಕ್ರವಾರ ನನ್ನದಾಯಿತು. ರೊಟ್ಟಿ-ಪಲ್ಯೆ ಮುಗಿಸಿ, ಮಧ್ಯಾಹ್ನದ ಬುತ್ತಿಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತುತ್ತೇನೆ. ಹಳೆ ಬಸ್‌ಸ್ಟ್ಯಾಂಡ್, ಜನತಾ ಬಜಾರ, ದುರ್ಗದಬೈಲ್. ಸೀರೆಯಲ್ಲೇ ಹೋಗುತ್ತೇನೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಸೀರೆಯುಟ್ಟು, ಭಾರದ ಕ್ಯಾಮೆರಾ ಹೇರಿಕೊಂಡು ದಿಲ್ಲಿಯಲ್ಲಿ ಸೈಕಲ್ ತುಳಿದವರು. 2011ರಲ್ಲಿ ಪದ್ಮವಿಭೂಷಣ ಬಂದಾಗ ಅವರಿಗೆ ತೊಂಬತ್ತೇಳು. ಅವರ ಹಳೆಯ ಫೋಟೋವೊಂದನ್ನು ನೋಡಿದ ದಿನವೇ ಸೀರೆಯ ಬಗೆಗಿನ ನನ್ನ ಅಳುಕು ಹೋಯಿತು.

ನನ್ನದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750, ಅದಕ್ಕೊಂದು 35 ಎಂಎಂ ಮಸೂರ. ದುರ್ಗದಬೈಲಿನ ಗದ್ದಲದಲ್ಲಿ ಫೋಕಸ್ ಹುಡುಕುತ್ತ ನಿಂತರೆ ಎದುರಿನದು ದಾಟಿಹೋಗಿರುತ್ತದೆ. ಅದಕ್ಕೆ ಬೀದಿಯವರ ಹಳೆಯ ಉಪಾಯ ಇದೆ. ಮಸೂರದ ಕಿಂಡಿಯನ್ನು ಎಫ್/8ಕ್ಕೆ ಸಣ್ಣದು ಮಾಡಿ, ಫೋಕಸನ್ನು 3 ಮೀಟರಿಗೆ, ಅಂದರೆ ಸುಮಾರು ಹತ್ತು ಅಡಿಗೆ ಕಟ್ಟಿಬಿಡುವುದು. ಹೆಚ್ಚುಕಡಿಮೆ 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟ ಬರುತ್ತದೆ. ಇನ್ನು ನೋಡಬೇಕಾದದ್ದು ಬೆಳಕು ಮತ್ತು ಮನುಷ್ಯ. ಹತ್ತು ಅಡಿ ಎಷ್ಟು ಎಂಬುದು ಕಾಲಿಗೆ ಗೊತ್ತಿರಬೇಕು. ನಮ್ಮ ಪಡಸಾಲೆಯ ಕಂಬದಿಂದ ಒಲೆಗೆ ಸರಿಯಾಗಿ ಅಷ್ಟೇ ದೂರ.

ಮಾರುಕಟ್ಟೆಯ ದೊಡ್ಡ ತೊಡಕು ತಾಡಪತ್ರಿ. ಕೆಂಪು ತಾಡಪತ್ರಿಯ ಕೆಳಗೆ ಬದನೆಕಾಯಿಯೂ ಕೆಂಪು, ಮಾರುವವಳ ಮುಖವೂ ಕೆಂಪು. ನೀಲಿಯದಾದರೆ ಜ್ವರ ಬಂದವರಂತೆ ಕಾಣುತ್ತಾರೆ. ನಾಲ್ಕು ಗಂಟೆ ದಾಟಿದ ಮೇಲೆ ಎರಡು ಹಾಸುಗಳ ನಡುವಿನ ಸಂದಿಯಿಂದ ಒಂದು ಮೊಳದಷ್ಟು ನಿಜವಾದ ಬೆಳಕು ಬೀಳುತ್ತದೆ. ಅಲ್ಲಿ ಕಾಯುತ್ತೇನೆ. ಕೆಲವೊಮ್ಮೆ ಮುಕ್ಕಾಲು ಗಂಟೆ. ತಕ್ಕಡಿ ಎತ್ತಲು ಮುಂದೆ ಬಾಗಿದವಳ ಮುಖ ಆ ಬೆಳಕಿಗೆ ಬರುವುದು ಒಂದು ಉಸಿರಿನಷ್ಟು ಹೊತ್ತು. ರೊಟ್ಟಿಯ ಮೊದಲ ಗುಳ್ಳೆಗೆ ಕಾದ ಬೆರಳಿಗೆ ಅದು ಸಾಕಾಗುತ್ತದೆ.

ಒಂದು ಶುಕ್ರವಾರ ಗಾಡಿಯ ಮರೆಯಲ್ಲಿ ಕೂತು ಉಣ್ಣುತ್ತಿದ್ದ ಮುದುಕಿಯ ಫೋಟೋ ತೆಗೆದೆ. ಅವರು ತಟ್ಟೆಯನ್ನು ಸೆರಗಿನಿಂದ ಮುಚ್ಚಿದರು, ಮುಖವನ್ನಲ್ಲ. “ಉಣ್ಣುಮುಂದ ಬ್ಯಾಡ ತಂಗಿ,” ಎಂದರು. ಅವರ ಎದುರೇ ಅಳಿಸಿದೆ, ಪಕ್ಕದಲ್ಲಿ ಕೂತು ನನ್ನ ಬುತ್ತಿ ಬಿಚ್ಚಿದೆ. ಅಂದಿನಿಂದ ಉಣ್ಣುವವರನ್ನು, ಮಲಗಿದವರನ್ನು ಕೇಳದೆ ತೆಗೆಯುವುದಿಲ್ಲ. ತೆಗೆದದ್ದನ್ನು ಮುಂದಿನ ವಾರ ಪ್ರಿಂಟ್ ಹಾಕಿಸಿ ಕೊಡುತ್ತೇನೆ. ಮೈಸೂರಿನ ಟಿ. ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಯಾರೂ ತಲೆ ತಗ್ಗಿಸಿಲ್ಲ. ಗಾಡಿಯ ಮರೆಯ ಆ ಫೋಟೋ ಇಟ್ಟುಕೊಂಡಿದ್ದರೆ ನನ್ನದರಲ್ಲಿ ಒಬ್ಬರು ತಗ್ಗಿಸುತ್ತಿದ್ದರು.

ಕಳೆದ ತಿಂಗಳು ಒಂದು ಖಾನಾವಳಿಯ ಹಿಂಬದಿಯಲ್ಲಿ ರೊಟ್ಟಿ ಬಡಿಯುವ ಅಕ್ಕನ ಫೋಟೋ ಸಿಕ್ಕಿತು. ಮೇಲೆ ತಗಡಿನ ಸಂದಿಯ ಬೆಳಕು, ಪಕ್ಕದಲ್ಲಿ ಆಳೆತ್ತರ ರೊಟ್ಟಿಯ ಒಟ್ಟಿಲು. ಒಂದು ಮೆಟ್ಟಿಲು ಹೆಚ್ಚು ಕೊಟ್ಟಿದ್ದೆ, ವೇಗ 1/30. ಬಿಳಿ ಬಿಳಿಯಾಗಿಯೇ ಬಂದಿತ್ತು. ಈ ವರ್ಷ ನಾನು ತೆಗೆದದ್ದರಲ್ಲಿ ಒಳ್ಳೆಯದು ಇದೇ ಎಂದುಕೊಂಡು ಪ್ರಿಂಟನ್ನು ಅತ್ತೆಯ ಕೈಗಿಟ್ಟೆ. ಅವರು ಬೆಳಕಿಂಡಿಯ ಕೆಳಗೆ ಹೋಗಿ ನಿಂತು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ರೊಟ್ಟಿ ಬೆಳ್ಳಗ ಐತಿ,” ಎಂದರು. ಆಮೇಲೆ ಉಗುರಿನಿಂದ ಚಿತ್ರದ ಒಂದು ಕಡೆ ಮುಟ್ಟಿ, “ಇಲ್ನೋಡು, ಅಂಚು ಸೀಳ್ಯಾವು. ಎಸರು ಕುದಿಯೂಕಿಂತ ಮೊದಲ ಹಿಟ್ಟು ಹಾಕ್ಯಾಳ. ಗಿರಾಕಿ ಗದ್ದಲ ಇತ್ತೇನು?”

ಇತ್ತು. ಮಧ್ಯಾಹ್ನ ಒಂದೂವರೆ, ಹೊರಗೆ ಜನ ನಿಂತಿದ್ದರು. ಆ ಸೀಳುಗಳನ್ನು ನಾನು ನೋಡಿರಲಿಲ್ಲ.

“ಇಷ್ಟ ರೊಟ್ಟಿ ಒಬ್ಬಾಕಿನ ಬಡಿತಾಳೇನು?” ಅತ್ತೆ ಕೇಳಿದರು. ಚಿತ್ರವನ್ನು ಹಿಂದಕ್ಕೆ ಕೊಡಲಿಲ್ಲ. ಹಿಟ್ಟಿನ ಡಬ್ಬಿಯ ಮೇಲಿನ ಗೂಡಿನಲ್ಲಿ ಗೋಡೆಗೆ ಆನಿಸಿ ಇಟ್ಟರು.